ಹಳೇ ಪೇಪರ್ ಹುಡುಕುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹಳೇ ಪತ್ರಿಕೆಗಳನ್ನು ಲೈಬ್ರರಿಗಳು ಸ್ಕ್ಯಾನ್ ಮಾಡಿ ಆನ್‌ಲೈನಿಗೆ ಹಾಕ್ತಾ ಇರುವುದರ ಬಗ್ಗೆ ಎರಡು ಪುಟ ಬರೆದಿದ್ದೆ, ಹೊರದೇಶಗಳಲ್ಲಿ ಕೋಟಿಗಟ್ಟಲೆ ಪುಟ ಆಯ್ತು, ನಮ್ಮ ಕರಾವಳಿ ಪತ್ರಿಕೆಗಳದ್ದು ಹೆಚ್ಚಿನದ್ದು ಇನ್ನೂ ಅಟ್ಟದಲ್ಲೇ ಉಂಟು ಅಂತ. ಅದಕ್ಕೆ ಇಷ್ಟು ಪತ್ರ, ವಾಟ್ಸಾಪ್ ಮೆಸೇಜು ಬರ್ತದೆ ಅಂತ ಎಣಿಸಿರ್ಲಿಲ್ಲ. ಮಂಗಳೂರಿನ ಕಾಲೇಜು ಲೈಬ್ರರಿಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವಳು ನಾನು, ಇಷ್ಟು ಜನರಿಗೆ ಹಳೇ ಪೇಪರ್ ಬೇಕು ಅಂತ ಗೊತ್ತಾದದ್ದೇ ನನಗೆ ದೊಡ್ಡ ಸಂತೋಷ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಹಲವರು ಕೇಳಿದ ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರ ಬರೀತೇನೆ.

ಪ್ರಶ್ನೆ: ಮೇಡಂ, ನಮ್ಮ ಅಜ್ಜನ ಮನೆ ಪಾಣೆಮಂಗಳೂರು ಹತ್ರ ಹೊಳೆ ಬದಿಯಲ್ಲಿ ಇದ್ದದ್ದು, 1923ರ ಮಾರಿಬೊಳ್ಳದಲ್ಲಿ, ಅಂದ್ರೆ ಆ ದೊಡ್ಡ ನೆರೆಯಲ್ಲಿ, ಹೋಯ್ತು ಅಂತ ಅಮ್ಮ ಹೇಳ್ತಾ ಇದ್ರು. ಆಗಿನ ಪೇಪರಲ್ಲಿ ಎಂತ ಬಂದಿತ್ತು ಅಂತ ಒಮ್ಮೆ ಕಣ್ಣಾರೆ ನೋಡ್ಬೇಕು. ಗೂಗಲಲ್ಲಿ ಹಾಕಿದ್ರೆ ಈಚೆಗೆ ಬರೆದ ನಾಲ್ಕು ಲೇಖನ ಬಿಟ್ರೆ ಏನಿಲ್ಲ. ಎಲ್ಲ ಡಿಜಿಟಲ್ ಆಗ್ತಾ ಉಂಟು ಅಂತೀರಿ, ಎಲ್ಲಿ ಆಗಿದೆ? (ಬಂಟ್ವಾಳದ ಓದುಗರು)

ಉತ್ತರ: ನಿಮ್ಮ ಪತ್ರ ನಾನು ಮೂರು ಸಲ ಓದಿದೆ. ಮೊದಲು ಒಂದು ವಿಷಯ, ಗೂಗಲ್ ಸರ್ಚಿಗೆ ಆರ್ಕೈವ್‌ಗಳ, ಅಂದ್ರೆ ಲೈಬ್ರರಿಗಳು ಸ್ಕ್ಯಾನ್ ಮಾಡಿ ಆನ್‌ಲೈನಿಗೆ ಹಾಕಿದ ಸಂಗ್ರಹಗಳ, ಹೊಟ್ಟೆಯೊಳಗೆ ಇರುವುದು ಹೆಚ್ಚಾಗಿ ಕಾಣುದಿಲ್ಲ, ಪ್ರತಿಯೊಂದರ ಒಳಗೆ ಹೋಗಿ ಅಲ್ಲಿನ ಸರ್ಚ್ ಪೆಟ್ಟಿಗೆಯಲ್ಲಿ ಹುಡುಕ್ಬೇಕು. ಗೂಗಲ್ ತಾನೇ ಹಳೇ ಪತ್ರಿಕೆ ಸ್ಕ್ಯಾನ್ ಮಾಡ್ಲಿಕ್ಕೆ ಹೊರಟಿತ್ತು, 2011ರಲ್ಲಿ ಆ ಕೆಲಸ ನಿಲ್ಲಿಸಿತು.

ಎರಡನೆಯದ್ದು, 1923ರಲ್ಲಿ ನಾವು ಯಾರ ಕೈಕೆಳಗೆ ಇದ್ದೆವು ಅಂತ ನೆನಪು ಮಾಡ್ಕೊಳ್ಳಿ. ಆಗ ನಮ್ಮದು ಸೌತ್ ಕೆನರಾ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದು, ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ನಮ್ಮ ಊರಿನ ಹಳೇ ಸುದ್ದಿ, ಹಳೇ ಕಡತ ಹುಡುಕುವವರು ಬೆಂಗಳೂರಿಗಿಂತ ಮೊದಲು ಚೆನ್ನೈ ಕಡೆ ಮುಖ ಮಾಡ್ಬೇಕು. ಅಲ್ಲಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಮಂಗಳೂರು ವರದಿ ಬರ್ತಾ ಇತ್ತು. ಬೊಂಬಾಯಿಯ ಟೈಮ್ಸ್ ಆಫ್ ಇಂಡಿಯಾದ 1838ರಿಂದ ಮುಂದಿನ ಪುಟಗಳು ಪ್ರೋಕ್ವೆಸ್ಟ್ ಎಂಬ ಕಂಪೆನಿಯ ಡೇಟಾಬೇಸಿನಲ್ಲಿ ಉಂಟು, ಮನೆಯಿಂದ ನೋಡ್ಲಿಕ್ಕೆ ಆಗುದಿಲ್ಲ, ಚಂದಾ ಕಟ್ಟಿದ ಯೂನಿವರ್ಸಿಟಿ ಲೈಬ್ರರಿಗೆ ಹೋಗಿ ಕೇಳ್ಬೇಕು.

ಇನ್ನೊಂದು ದಾರಿ ಉಂಟು, ಅದು ಬಹಳ ಜನರಿಗೆ ಗೊತ್ತಿಲ್ಲ. ಬ್ರಿಟಿಷ್ ಸರ್ಕಾರ ಭಾರತೀಯ ಭಾಷೆಯ ಪತ್ರಿಕೆಗಳ ಮೇಲೆ ಕಣ್ಣಿಡ್ಲಿಕ್ಕೆ ಅಂತಲೇ ಭಾಷಾಂತರಕಾರರನ್ನು ಇಟ್ಟಿತ್ತು, ಅವರು ಕನ್ನಡ, ತಮಿಳು, ತೆಲುಗು, ಮಲಯಾಳ ಪತ್ರಿಕೆ ಎಲ್ಲ ಓದಿ ಮುಖ್ಯ ಅಂತ ಕಂಡದ್ದನ್ನು ಇಂಗ್ಲಿಷಲ್ಲಿ ಸಾರಾಂಶ ಮಾಡಿ ಮೇಲಿನವರಿಗೆ ಕಳಿಸ್ತಾ ಇದ್ರು, ಗುಟ್ಟಿನ ವರದಿ ಅದು. ಎಷ್ಟೋ ಪತ್ರಿಕೆಗಳ ಮೂಲ ಪ್ರತಿ ಇವತ್ತು ಒಂದೂ ಉಳಿದಿಲ್ಲ, ಆದ್ರೆ ಈ ಸಾರಾಂಶ ಉಳಿದಿದೆ. ಅವುಗಳ ಪ್ರತಿ ಚೆನ್ನೈ ಎಗ್ಮೋರಿನ ತಮಿಳುನಾಡು ಸರ್ಕಾರಿ ಪತ್ರಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಂಟು, ಲಂಡನ್ ಪ್ರತಿಯಿಂದ 1868ರಿಂದ 1942ರ ತನಕದ್ದು ಡಿಜಿಟಲ್ ಕೂಡ ಆಗಿದೆ, ಅದೂ ಚಂದಾ ಇರುವ ಲೈಬ್ರರಿಗಳಲ್ಲಿ ಮಾತ್ರ. ಒಂದು ಎಚ್ಚರ ಬೇಕು, ಆ ಭಾಷಾಂತರಕಾರರು ಹುಡುಕ್ತಾ ಇದ್ದದ್ದು ಸರ್ಕಾರದ ವಿರುದ್ಧ ಯಾರು ಎಂತ ಬರೆದಿದ್ದಾರೆ ಅಂತ. ನೆರೆಯಲ್ಲಿ ಮನೆ ಹೋದವರ ಹೆಸರು ಅಲ್ಲಿ ಸಿಗುವ ಸಾಧ್ಯತೆ ಕಡಿಮೆ, ಪರಿಹಾರ ಸಿಗ್ಲಿಲ್ಲ ಅಂತ ಊರಿನ ಪತ್ರಿಕೆ ಸಿಟ್ಟಲ್ಲಿ ಬರೆದಿದ್ರೆ ಅಂಥದ್ದು ಸಿಗಬಹುದು.

ಹುಡುಕುವಾಗ ಇವತ್ತಿನ ಸ್ಪೆಲ್ಲಿಂಗ್ ಹಾಕಿ ಕೂತ್ರೆ ಎಂತದೂ ಬರುದಿಲ್ಲ. ಮಂಗಳೂರು ಅಂದ್ರೆ ಆಗ ಮ್ಯಾಂಗಲೋರ್, ಉಡುಪಿಗೆ ಉಡಿಪಿ, ಕುಂದಾಪುರಕ್ಕೆ ಕೂಂಡಾಪೂರ್, ಬಂಟ್ವಾಳಕ್ಕೆ ಬಿ ಆದ ಮೇಲೆ ಎ ಬದಲು ಯು ಹಾಕಿ ಬರೆದದ್ದೂ ಉಂಟು. ನೇತ್ರಾವತಿಗೆ ಎಚ್ ಸೇರಿಸಿ, ಬಿಟ್ಟು, ಎಲ್ಲ ರೀತಿಯಲ್ಲೂ ಹಾಕಿ ನೋಡಿ. ಹೊಳೆ ಹೆಸರೇ ಇಲ್ಲದೆ ಬರೀ ಸೌತ್ ಕೆನರಾ, ಫ್ಲಡ್ಸ್ ಅಂತ ಎರಡು ಶಬ್ದ ಹಾಕಿದಾಗ ನನಗೆ ಒಮ್ಮೆ ಬೇಕಾದ್ದು ಸಿಕ್ಕಿದೆ. ನೆರೆ ಬಂದದ್ದು ಆಗಸ್ಟ್ ಮೊದಲ ವಾರ, ಆದ್ರೆ ಆಗಿನ ಸುದ್ದಿ ಇವತ್ತಿನ ಹಾಗೆ ಮಾರನೇ ದಿನ ಬರ್ತಾ ಇರ್ಲಿಲ್ಲ, ತಿಂಗಳು ಪೂರ್ತಿ, ಸೆಪ್ಟೆಂಬರ್ ಕೂಡ ನೋಡಿ. ಪರಿಹಾರ ನಿಧಿಗೆ ದುಡ್ಡು ಕೊಟ್ಟವರ ಪಟ್ಟಿ ಅಂಥದ್ದೆಲ್ಲ ನಿಧಾನಕ್ಕೆ ಅಚ್ಚಾಗುವಂಥದ್ದು, ಊರವರ ಹೆಸರು ಸಿಗುವುದು ಅಲ್ಲಿಯೇ.

ನಮ್ಮ ಊರಿನದ್ದೇ ಪತ್ರಿಕೆ ಅಂದ್ರೆ ಸ್ವದೇಶಾಭಿಮಾನಿ, ಮಂಗಳೂರಿಂದ ಬರ್ತಾ ಇದ್ದದ್ದು. ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಹೋಗಿ ಕೇಳಿ ನೋಡಿ. ಫೋನಲ್ಲಿ ಕೇಳಿದ್ರೆ ಇಲ್ಲ ಅಂತ ಹೇಳುವುದು ಎಲ್ಲ ಕಡೆ ಸುಲಭ, ಖುದ್ದು ಹೋಗಿ ಇಂಥ ವರ್ಷ ಇಂಥ ತಿಂಗಳು ಅಂತ ಚೀಟಿ ಬರೆದು ಕೊಟ್ರೆ ಹುಡುಕಿ ಕೊಡುವವರು ಇದ್ದಾರೆ.

ನಿಮಗೆ 1974ರ ಜುಲೈ ನೆರೆಯದ್ದು ಬೇಕಿದ್ರೆ ದಾರಿ ಸ್ವಲ್ಪ ಸುಲಭ ಇತ್ತು. 1954ರ ಒಂದು ಕಾನೂನಿನ ಪ್ರಕಾರ ದೇಶದಲ್ಲಿ ಅಚ್ಚಾದ ಪುಸ್ತಕವನ್ನು ಪ್ರಕಾಶಕರು ಕೋಲ್ಕತ್ತದ ನ್ಯಾಷನಲ್ ಲೈಬ್ರರಿಗೆ ಮತ್ತೆ ಚೆನ್ನೈ, ಮುಂಬೈ, ದಿಲ್ಲಿಯ ಒಂದೊಂದು ಲೈಬ್ರರಿಗೆ ಕಳಿಸ್ಬೇಕು, 1956ರಲ್ಲಿ ತಿದ್ದುಪಡಿ ಮಾಡಿ ಪತ್ರಿಕೆಗಳನ್ನೂ ಅದಕ್ಕೆ ಸೇರಿಸಿದ್ರು. ಚೆನ್ನೈಯದ್ದು ಕನ್ನೆಮಾರ ಲೈಬ್ರರಿ. ಉದಯವಾಣಿ ಮಣಿಪಾಲದಿಂದ 1970ರಲ್ಲಿ ಶುರುವಾಗಿತ್ತು. ಹಾಗಾಗಿ ಎರಡನೇ ನೆರೆಗೆ ಊರಲ್ಲೇ ಅಚ್ಚಾದ ದಿನಪತ್ರಿಕೆಯ ಸಾಕ್ಷಿ ಉಂಟು, ಅದನ್ನು ಇಡ್ಬೇಕು ಅಂತ ಹೇಳುವ ಕಾನೂನೂ ಉಂಟು. ಮೊದಲನೇ ನೆರೆಗೆ ಆ ಆಸರೆ ಇಲ್ಲ. ನಿಮ್ಮ ಅಮ್ಮ ಹೇಳಿದ್ದನ್ನು ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಅದೂ ದಾಖಲೆಯೇ.

ಪ್ರಶ್ನೆ: ನಾನು ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಾ ಇದ್ದೇನೆ. ಇಂಗ್ಲಿಷ್ ಆರ್ಕೈವಲ್ಲಿ ಒಂದು ಶಬ್ದ ಹಾಕಿದ್ರೆ ಸಾವಿರ ಪುಟ ಬರ್ತದೆ, ಕನ್ನಡ ಪೇಪರಿನ ಪಿಡಿಎಫ್‌ನಲ್ಲಿ ಸರ್ಚ್ ಕೆಲಸವೇ ಮಾಡುದಿಲ್ಲ. 1998ರ ಒಂದು ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಎಂತೆಂತದೋ ಬಂತು. ಫೈಲ್ ಹಾಳಾಗಿದೆಯಾ? (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಫೈಲ್ ಹಾಳಾಗಿಲ್ಲಮ್ಮ. ಇಲ್ಲಿ ಎರಡು ಬೇರೆ ಬೇರೆ ರೋಗ ಉಂಟು, ಮದ್ದೂ ಬೇರೆ.

1998ರದ್ದಕ್ಕೆ ಕಾರಣ ಫಾಂಟು. ಯುನಿಕೋಡ್, ಅಂದ್ರೆ ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಕ್ರಮ, ಬಳಕೆಗೆ ಬರುವ ಮೊದಲು ಶ್ರೀಲಿಪಿ, ಬರಹ, ಆಮೇಲೆ ನುಡಿ ಅಂಥ ತಂತ್ರಾಂಶದಲ್ಲಿ ಟೈಪ್ ಮಾಡ್ತಾ ಇದ್ದದ್ದು, ಅಲ್ಲಿ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ, ಫಾಂಟು ಮಾತ್ರ ಅದರ ಮೇಲೆ ಕನ್ನಡದ ವೇಷ ಹಾಕ್ತಾ ಇತ್ತು. ವೇಷ ತೆಗೆದ್ರೆ ಒಳಗಿನದ್ದು ಕಾಣ್ತದೆ, ನೀವು ಕಂಡದ್ದು ಅದನ್ನೇ. ಯಾವ ಫಾಂಟ್ ಅಂತ ಪಿಡಿಎಫ್‌ನ ಪ್ರಾಪರ್ಟೀಸಲ್ಲಿ ನೋಡಿದ್ರೆ ಗೊತ್ತಾಗ್ತದೆ, ಅದಕ್ಕೆ ಸರಿಯಾದ ಕನ್ವರ್ಟರ್ ಸಿಕ್ಕಿದ್ರೆ ಯುನಿಕೋಡಿಗೆ ತಿರುಗಿಸ್ಬಹುದು. ಸಿಗದಿದ್ರೆ ಪುಟವನ್ನು ಚಿತ್ರ ಮಾಡಿ ಓಸಿಆರ್ ಹಾಕಿ, ಅಂದ್ರೆ ಚಿತ್ರದಲ್ಲಿ ಇರುವ ಅಕ್ಷರವನ್ನು ಕಂಪ್ಯೂಟರ್ ಓದಿ ಟೈಪ್ ಮಾಡಿದ ಹಾಗೆ ಕೊಡ್ತದಲ್ಲ, ಅದು. ನನಗೆ ಇದರಲ್ಲಿ ಬಹಳ ಬೇಸರದ ಸಂಗತಿ ಎಂತದ್ದು ಅಂದ್ರೆ 1935ರ ಪತ್ರಿಕೆ ಓದ್ಲಿಕ್ಕೆ ಕಣ್ಣು ಸಾಕು, 1998ರ ಪತ್ರಿಕೆಯ ಪುಟ ಜೋಡಿಸಿದ ಪೇಜ್‌ಮೇಕರ್ ಫೈಲು ಸಿಡಿಯಲ್ಲಿ ಇದ್ರೆ ಸಿಡಿ ಹಾಕ್ಲಿಕ್ಕೆ ಮೆಷಿನ್ ಇಲ್ಲ, ಇದ್ರೂ ಫಾಂಟ್ ಇಲ್ಲ. ಡಿಜಿಟಲ್ ಅಂತ ಹುಟ್ಟಿದ್ದೇ ಮೊದಲು ಸತ್ತದ್ದು.

ಹಳೇ ಪುಟಗಳದ್ದು ಬೇರೆ ಕಥೆ. ಸ್ಕ್ಯಾನ್ ಅಂದ್ರೆ ಬರೀ ಫೋಟೋ, ಓಸಿಆರ್ ಮಾಡದೆ ಅದರಲ್ಲಿ ಶಬ್ದ ಸಿಗುದಿಲ್ಲ. ಟೆಸರಾಕ್ಟ್ ಅಂತ ಉಚಿತದ್ದು ಉಂಟು, ಗೂಗಲ್ ಡ್ರೈವಿನಲ್ಲಿ ಚಿತ್ರ ಹಾಕಿ ಡಾಕ್ಸಲ್ಲಿ ತೆರೆದ್ರೂ ಕನ್ನಡ ಓದ್ತದೆ, ಚೆನ್ನಾಗಿ ಅಚ್ಚಾದ ಪುಸ್ತಕ ಆದ್ರೆ ಪರವಾಗಿಲ್ಲ ಅನ್ನುವಷ್ಟು ಬರ್ತದೆ. ಪತ್ರಿಕೆ ಅಂದ ಕೂಡ್ಲೆ ಕಷ್ಟ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿ ಕೂತಿರ್ತದೆ, ಅಚ್ಚಿನ ಮೊಳೆ ಸವೆದು ಪ ಯಾವುದು ಷ ಯಾವುದು ವ ಯಾವುದು ಅಂತ ನಮಗೇ ಗೊತ್ತಾಗುದಿಲ್ಲ, ಹಿಂದಿನ ಪುಟದ ಇಂಕು ಈಚೆ ಕಾಣ್ತದೆ, ಕಾಲಂ ಇಷ್ಟೇ ಅಗಲ ಇರುವ ಕಾರಣ ಶಬ್ದ ಅರ್ಧಕ್ಕೇ ತುಂಡಾಗಿ ಕೆಳಗಿನ ಸಾಲಿಗೆ ಹೋಗಿರ್ತದೆ.

ಕನ್ನಡದಲ್ಲಿ ಹುಡುಕುವಾಗ ಒಂದು ಉಪಾಯ ಮಾಡಿ, ಪೂರ್ತಿ ಶಬ್ದ ಹಾಕ್ಬೇಡಿ. ಮಂಗಳೂರು ಅಂತ ಹಾಕಿದ್ರೆ ಮಂಗಳೂರಿನಲ್ಲಿ, ಮಂಗಳೂರಿಗೆ, ಮಂಗಳೂರಿಂದ ಯಾವುದೂ ಬರುದಿಲ್ಲ, ಯಾಕಂದ್ರೆ ಕೊನೆಯ ರು ಅಲ್ಲಿ ರಿ ಆಗಿದೆ. ಮಂಗಳೂ ಅಂತ ನಿಲ್ಲಿಸಿ. ಇಂಗ್ಲಿಷಿಗೆ ಮಾಡಿದ ಸರ್ಚ್ ಪೆಟ್ಟಿಗೆಗೆ ನಮ್ಮ ವಿಭಕ್ತಿ ಪ್ರತ್ಯಯ ಗೊತ್ತಿಲ್ಲ, ನಾವೇ ಅದಕ್ಕೆ ತಕ್ಕ ಹಾಗೆ ಕತ್ತರಿಸಿ ಕೊಡ್ಬೇಕು.

ಆಸ್ಟ್ರೇಲಿಯಾದ ನ್ಯಾಷನಲ್ ಲೈಬ್ರರಿಯವರ ಟ್ರೋವ್ ಅಂತ ಉಂಟು, ಒಮ್ಮೆ ತೆರೆದು ನೋಡಿ, ಉಚಿತ. ಅಲ್ಲಿ ಪುಟದ ಚಿತ್ರದ ಪಕ್ಕದಲ್ಲೇ ಕಂಪ್ಯೂಟರ್ ಓದಿದ ಪಠ್ಯ ಇರ್ತದೆ, ತಪ್ಪು ಕಂಡ್ರೆ ಯಾರು ಬೇಕಾದ್ರೂ ತಿದ್ದಬಹುದು, ರಿಟೈರ್ ಆದವರು, ಮನೆಯಲ್ಲಿ ಇರುವವರು, ವಂಶದ ಹೆಸರು ಹುಡುಕುವವರು ಸೇರಿ ಕೋಟಿಗಟ್ಟಲೆ ಸಾಲು ತಿದ್ದಿದ್ದಾರೆ. ಕನ್ನಡಕ್ಕೆ ಇಂಥದ್ದು ಬೇಕು, ನಮ್ಮಲ್ಲಿ ತಿದ್ದಿ ಕೊಡ್ಲಿಕ್ಕೆ ಕನ್ನಡ ಪಂಡಿತರಿಗೇನು ಬರಗಾಲ ಇಲ್ಲ.

ಮತ್ತೆ ನಿಮ್ಮ ಪ್ರಬಂಧಕ್ಕೆ ಒಂದು ಮಾತು, ಇದನ್ನು ಗಟ್ಟಿಯಾಗಿ ಹೇಳ್ತೇನೆ. ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರು 2007ರಲ್ಲಿ ಶುರುಮಾಡಿದ ಕ್ರಾನಿಕ್ಲಿಂಗ್ ಅಮೆರಿಕಾದಲ್ಲಿ 2 ಕೋಟಿಗಿಂತ ಹೆಚ್ಚು ಪುಟ ಉಂಟು. ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ 2001ರಿಂದಲೇ ಉಂಟು. ಅಲ್ಲಿನ ಯಾವುದೋ ಸಣ್ಣ ಊರಿನ 1905ರ ಪೇಪರನ್ನು ಕೊಣಾಜೆಯಲ್ಲಿ ಕೂತು ಈಗಲೇ ಓದ್ಬಹುದು, ಮಂಗಳೂರಿನ 1935ರ ಪೇಪರನ್ನು ಮಂಗಳೂರಲ್ಲಿ ಕೂತು ಓದ್ಲಿಕ್ಕೆ ನಾಲ್ಕು ಕಡೆ ಅಲೆಯಬೇಕು. ಇದರಿಂದ ಎಂತ ಆಗ್ತದೆ ಅಂದ್ರೆ ಸಂಶೋಧಕರು ಸಿಗುವುದರ ಬಗ್ಗೆ ಮಾತ್ರ ಬರೀತಾರೆ, ಸ್ಕ್ಯಾನ್ ಆದದ್ದೇ ಇತಿಹಾಸ ಆಗ್ತದೆ. ನಮ್ಮ ಜಿಲ್ಲೆಯ ಸ್ವಾತಂತ್ರ್ಯ ಹೋರಾಟ ಬೊಂಬಾಯಿಯ ಇಂಗ್ಲಿಷ್ ಪತ್ರಿಕೆಯ ಎರಡು ಇಂಚಿನ ವರದಿಯಾಗಿ ಉಳೀತದೆ, ಕವಿ ಕಡೆಂಗೋಡ್ಲು ಶಂಕರಭಟ್ಟರು ರಾಷ್ಟ್ರಬಂಧು ಪತ್ರಿಕೆಯಲ್ಲಿ ಬರೆದದ್ದು ಯಾರ ಅಡಿಟಿಪ್ಪಣಿಯಲ್ಲೂ ಇರುದಿಲ್ಲ. ಗಾಂಧೀಜಿ ಮಂಗಳೂರಿಗೆ 1920, 1927, 1934ರಲ್ಲಿ ಮೂರು ಸಲ ಬಂದದ್ದು, ಆ ಭಾಷಣ ಕೇಳಿದ ನಮ್ಮವರಿಗೆ ಎಂತ ಅನಿಸ್ತು ಅಂತ ಇರುವುದು ನಮ್ಮ ಪತ್ರಿಕೆಯ ವಾಚಕರ ಪತ್ರದಲ್ಲಿ, ಡೇಟಾಬೇಸಿನಲ್ಲಿ ಅಲ್ಲ.

ಹಾಗಾಗಿ ಯಾವುದಾದ್ರೂ ಒಂದು ವರ್ಷದ ಫೈಲನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಕೈಯಲ್ಲಿ ಮಗುಚಿ ಓದಿ, ಸರ್ಚ್ ಬೇಡ. ಅಕ್ಕಿ ಧಾರಣೆ, ಬಂದರಿಗೆ ಬಂದ ಮಂಜಿ ಹಡಗು, ಕಾಣೆಯಾದ ಹುಡುಗ, ಹಂಚಿನ ಕಾರ್ಖಾನೆಯ ಜಾಹೀರಾತು, ಹೀಗೆ ನೀವು ಹುಡುಕದೇ ಇದ್ದದ್ದು ಎದುರು ಬರ್ತದೆ. ಪ್ರಬಂಧದಲ್ಲಿ ಯಾವ ವರ್ಷದ ಫೈಲ್ ಎಲ್ಲಿ ಸಿಕ್ಕಿತು, ಯಾವುದು ಎಲ್ಲಿಯೂ ಸಿಗ್ಲಿಲ್ಲ ಅಂತ ಒಂದು ಪುಟ ಬರೆಯಿರಿ, ನಿಮ್ಮ ನಂತರ ಬರುವವರಿಗೆ ಆ ಒಂದು ಪುಟ ಸಾಕು.

ಪ್ರಶ್ನೆ: ತಂದೆಯವರು ಉಡುಪಿಯಲ್ಲಿ ಹೋಟೆಲ್ ನಡೆಸ್ತಾ ಇದ್ರು, ಹೋಟೆಲಿಗೆ ಬಂದ ಪೇಪರನ್ನು ಪ್ರತಿ ವರ್ಷ ಬೈಂಡ್ ಮಾಡಿಸಿ ಇಡುವುದು ಅವರಿಗೊಂದು ಅಭ್ಯಾಸ. ಈಗ ಮನೆ ಕೆಡವಿ ಕಟ್ಟಿಸ್ತಾ ಇದ್ದೇವೆ, ಅಟ್ಟದಿಂದ 19 ಬೈಂಡ್ ಇಳಿಸಿದ್ದೇವೆ, ನವಭಾರತ ಹೆಚ್ಚು, 1952ರಿಂದ ಉಂಟು. ಎರಡು ಬೈಂಡಿಗೆ ಒರಲೆ (ಗೆದ್ದಲು) ಹಿಡಿದಿದೆ. ಮಗ ಬೆಂಗಳೂರಿಂದ ಫೋನ್ ಮಾಡಿ ಗುಜರಿಗೆ ಹಾಕಿ ಅಪ್ಪ ಅಂತಾನೆ. ನಾನು ಎಂತ ಮಾಡ್ಲಿ? (ಉಡುಪಿಯ ಹಿರಿಯ ಓದುಗರು)

ಉತ್ತರ: ದಯವಿಟ್ಟು ಕೊಡ್ಬೇಡಿ. ಕೈ ಮುಗಿದು ಕೇಳ್ತೇನೆ.

ನವಭಾರತ ಮಂಗಳೂರಿಂದ ಬರ್ತಾ ಇದ್ದ ದಿನಪತ್ರಿಕೆ, ಈಗ ಇಲ್ಲ. ನಿಂತು ಹೋದ ಪತ್ರಿಕೆಗೆ ಆಫೀಸು ಇರುದಿಲ್ಲ, ಆಫೀಸು ಇಲ್ಲದಿದ್ರೆ ಫೈಲು ಕೇಳುವವರೂ ಇರುದಿಲ್ಲ, ಹೀಗೆ ಮನೆಯಲ್ಲಿ ಯಾರೋ ಪ್ರೀತಿಯಿಂದ ಇಟ್ಟದ್ದೇ ಕೊನೆಗೆ ಉಳಿಯುವುದು. ನಿಮ್ಮ ತಂದೆ ಮಾಡಿದ್ದು ಒಂದು ಲೈಬ್ರರಿ ಮಾಡ್ಬೇಕಾದ ಕೆಲಸ.

ನಾನು ಕೆಲಸ ಮಾಡಿದ ಒಂದು ಲೈಬ್ರರಿಯಲ್ಲಿ ಒಂದು ಜೂನ್ ತಿಂಗಳು ಹಂಚು ಸರಿದು ನೀರು ಬಿದ್ದು ಒಂದಿಡೀ ರ‍್ಯಾಕಿನ ಪತ್ರಿಕೆ ಬೈಂಡುಗಳು ಒದ್ದೆಯಾದವು. ರಜೆ ಮುಗಿದು ಬಾಗಿಲು ತೆರೆಯುವಾಗ ಬೂಸ್ಟು ಹಿಡಿದು ಪುಟ ಪುಟಕ್ಕೆ ಅಂಟಿ ಇಟ್ಟಿಗೆ ಹಾಗೆ ಆಗಿತ್ತು. ಒದ್ದೆ ಕಾಗದಕ್ಕೆ ಮೊದಲ ಎರಡು ದಿನದಲ್ಲೇ ಫ್ಯಾನ್ ಗಾಳಿ ಕೊಡ್ಬೇಕು ಅಂತ ಆಗ ನನಗೆ ಯಾರೂ ಕಲಿಸಿರ್ಲಿಲ್ಲ. ರದ್ದಿ ರಿಜಿಸ್ಟರಿಗೆ ಸಹಿ ಹಾಕಿದ್ದು ನಾನೇ. ಅದು ಈಗಲೂ ಮನಸ್ಸಿನಲ್ಲಿ ಉಂಟು.

ಈಗ ಕೆಲಸದ ಮಾತು. ಒರಲೆ ಹಿಡಿದ ಎರಡನ್ನು ಉಳಿದದ್ದರಿಂದ ಇವತ್ತೇ ಬೇರೆ ಮಾಡಿ ದೂರ ಇಡಿ. ಉಳಿದದ್ದನ್ನು ಬಿಸಿಲಿಗೆ ಹಾಕ್ಬೇಡಿ, ನಮ್ಮಲ್ಲಿ ಹಪ್ಪಳ ಒಣಗಿಸಿದ ಹಾಗೆ ಪುಸ್ತಕವನ್ನೂ ಅಂಗಳಕ್ಕೆ ಹಾಕುವ ಕ್ರಮ ಉಂಟು, ಪತ್ರಿಕೆಗೆ ಅದು ವಿಷ. ನ್ಯೂಸ್‌ಪ್ರಿಂಟ್ ಅಂದ್ರೆ ಮರವನ್ನು ಅರೆದು ಮಾಡಿದ ಅಗ್ಗದ ಕಾಗದ, ಅದರಲ್ಲಿ ಲಿಗ್ನಿನ್ ಅಂತ ಒಂದು ಅಂಶ ಉಳಿದಿರ್ತದೆ, ಬೆಳಕು ಗಾಳಿ ತಾಗಿದ ಹಾಗೆ ಹಳದಿಯಾಗಿ ಕಂದಾಗಿ ಕೊನೆಗೆ ಮುಟ್ಟಿದ್ರೆ ಹುಡಿಯಾಗ್ತದೆ. ನೆರಳಿನಲ್ಲಿ, ಫ್ಯಾನ್ ಕೆಳಗೆ ಇಡಿ. ಮಾಸ್ಕ್ ಹಾಕಿ ಮೆತ್ತಗಿನ ಬ್ರಷ್ಷಲ್ಲಿ ಧೂಳು ತೆಗೀರಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಗುಂಡುಪಿನ್, ಸ್ಟೇಪಲ್ ಇದ್ರೆ ತೆಗೆಯಿರಿ, ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿದು ಕಾಗದ ತೂತಾಗ್ತದೆ. ನಿಲ್ಲಿಸದೆ ಅಡ್ಡಕ್ಕೆ ಮಲಗಿಸಿ, ನೆಲಕ್ಕೆ ಗೋಡೆಗೆ ತಾಗದ ಹಾಗೆ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ರೆ ತೇವ ಒಳಗೇ ನಿಲ್ತದೆ.

ಫೋಟೋ ತೆಗೆಯುವುದಾದ್ರೆ ಮಗನನ್ನೇ ಊರಿಗೆ ಕರೆಸಿ, ಮಳೆ ಶುರುವಾಗುವ ಮೊದಲು. ಝೆರಾಕ್ಸ್ ಅಂಗಡಿಯ ಸ್ಕ್ಯಾನರಿಗೆ ಬೈಂಡ್ ಮಗುಚಿ ಒತ್ತಿದ್ರೆ ಬೆನ್ನು ಮುರೀತದೆ, ಕೊಡ್ಬೇಡಿ. ಲೈಬ್ರರಿಗಳಲ್ಲಿ ಇರುವುದು ಮೇಲಿಂದ ತೆಗೆಯುವ ಸ್ಕ್ಯಾನರು, ಮನೆಯಲ್ಲಿ ಮೊಬೈಲಿಂದಲೂ ಅದೇ ರೀತಿ ಮಾಡ್ಬಹುದು. ಕಿಟಕಿ ಬದಿಯಲ್ಲಿ ಮೇಜು, ಪಕ್ಕದಿಂದ ಬೆಳಕು, ಫ್ಲ್ಯಾಶ್ ಇಲ್ಲ, ಮೊಬೈಲು ಸ್ಟ್ಯಾಂಡಿಗೆ ಕಟ್ಟಿ ನೇರ ಮೇಲಿಂದ. ಒಂದು ಲೆಕ್ಕ ಹೇಳ್ತೇನೆ, ದೊಡ್ಡ ಪತ್ರಿಕೆಯ ಪುಟ ಸುಮಾರು 15 ಇಂಚು ಅಗಲ 22 ಇಂಚು ಉದ್ದ, ಇಂಚಿಗೆ 300 ಚುಕ್ಕೆ ಬೇಕು ಅಂತ ಲೈಬ್ರರಿಯವರ ಸಾಮಾನ್ಯ ಅಳತೆ, ಗುಣಿಸಿದ್ರೆ ಹತ್ರ ಹತ್ರ 3 ಕೋಟಿ ಚುಕ್ಕೆ ಆಯ್ತು, 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋದಲ್ಲಿ ಇರುವುದು 1 ಕೋಟಿ 20 ಲಕ್ಷ. ಹಾಗಾಗಿ ಪುಟಕ್ಕೊಂದು ಪೂರ್ತಿ ಫೋಟೋ ತೆಗೆದು ಮತ್ತೆ ನಾಲ್ಕು ಭಾಗ ಮಾಡಿ ಹತ್ತಿರದಿಂದ ತೆಗೆಯಿರಿ, ಆಗ ಸಣ್ಣ ಅಕ್ಷರವೂ ಓಸಿಆರಿಗೆ ಸಿಗ್ತದೆ. ಫೈಲಿಗೆ ಹೆಸರು ಕೊಡುವಾಗ ಮೊದಲು ವರ್ಷ, ಮತ್ತೆ ತಿಂಗಳು, ತಾರೀಕು, ಪುಟ, 1952-08-15-3 ಹೀಗೆ, ಕಂಪ್ಯೂಟರ್ ತಾನಾಗಿಯೇ ಸಾಲಾಗಿ ಜೋಡಿಸ್ತದೆ. ಪುಟ ಇಲ್ಲದಿದ್ರೆ ಇಲ್ಲ ಅಂತ ಬರೆದ ಚೀಟಿಯ ಫೋಟೋ ತೆಗೆದು ಆ ಜಾಗದಲ್ಲಿ ಇಡಿ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಚುಕ್ಕೆ ಎಲ್ಲ ಹೋಗ್ತದೆ, ಡಾಕ್ಯುಮೆಂಟ್ ಅಂತ ಕಳಿಸ್ಬೇಕು.

ಮೂಲ ಬೈಂಡುಗಳನ್ನು ಯಾವುದಾದ್ರೂ ಸಂಸ್ಥೆಗೆ ಕೊಡ್ತೀರಿ ಅಂತಾದ್ರೆ ಕೊಡುವ ಮೊದಲು ಅವರ ಹತ್ರ ಮೂರು ಮಾತು ಕೇಳಿ: ಪಟ್ಟಿ ಮಾಡಿ ರಶೀದಿ ಕೊಡ್ತೀರಾ, ಬಂದು ಕೇಳಿದವರಿಗೆ ತೋರಿಸ್ತೀರಾ, ಸ್ಕ್ಯಾನ್ ಮಾಡಿದ್ರೆ ನನಗೊಂದು ಪ್ರತಿ ಕೊಡ್ತೀರಾ. ಮೂರಕ್ಕೂ ಹೌದು ಅಂದ್ರೆ ಸಂತೋಷದಲ್ಲಿ ಕೊಡಿ. ತಂದೆಯವರ ಹೆಸರು ಆ ಪಟ್ಟಿಯ ಮೇಲೆ ಬರಲಿ.

ಪ್ರಶ್ನೆ: ನಮ್ಮ ಕಾಲೇಜಲ್ಲಿ ಹಳೇ ಪತ್ರಿಕೆ ಸ್ಕ್ಯಾನ್ ಮಾಡಿಸ್ಲಿಕ್ಕೆ ಒಪ್ಪಿದ್ದಾರೆ. ಸ್ಕ್ಯಾನ್ ಆದ ಮೇಲೆ ಕಾಗದ ತೆಗೆದು ಹಾಕಿ ಆ ರೂಮನ್ನು ಕ್ಲಾಸಿಗೆ ಕೊಡಿ ಅಂತಾರೆ. ಕೊಡ್ಬಹುದಾ? (ಲೈಬ್ರೇರಿಯನ್, ಮಂಗಳೂರು)

ಉತ್ತರ: ಕೊಡ್ಬಾರ್ದು. ಅಮೆರಿಕಾದ ದೊಡ್ಡ ದೊಡ್ಡ ಲೈಬ್ರರಿಗಳು ಹೋದ ಶತಮಾನದಲ್ಲಿ ಇದನ್ನೇ ಮಾಡಿದ್ವು, ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ, ಅಂದ್ರೆ ಪುಟಗಳ ಪುಟ್ಟ ಚಿತ್ರ ಫಿಲ್ಮ್ ಸುರುಳಿಯಲ್ಲಿ ತೆಗೆದಿಟ್ಟು, ಕಾಗದ ಮಾರಿದ್ರು, ಆಮೇಲೆ ನೋಡಿದ್ರೆ ಫಿಲ್ಮಲ್ಲಿ ಪುಟ ಬಿಟ್ಟು ಹೋಗಿದೆ, ಮಸುಕಾಗಿದೆ, ಬಣ್ಣದ ಚಿತ್ರಪುಟ ಎಲ್ಲ ಕಪ್ಪು ಬಿಳಿ ಆಗಿದೆ, ತಿರುಗಿ ತೆಗೆಯುವಾ ಅಂದ್ರೆ ಮೂಲವೇ ಇಲ್ಲ. ಇವತ್ತಿನ ಸ್ಕ್ಯಾನ್ ನಾಳೆಗೆ ಹಳತು. ಈಗ ಓಸಿಆರಿಗೆ ಬಾರದ್ದು ಮುಂದೆ ಒಳ್ಳೇ ಕ್ಯಾಮೆರಾದಲ್ಲಿ ಬರ್ಬಹುದು, ಅದಕ್ಕೆ ಕಾಗದ ಬೇಕು.

ಸ್ಕ್ಯಾನ್ ಮಾಡುವ ಕಂಪೆನಿಯೊಟ್ಟಿಗೆ ಕರಾರು ಮಾಡುವಾಗ ಬರೀ ಪಿಡಿಎಫ್ ಸಾಕು ಅಂತ ಬಿಡ್ಬೇಡಿ, ಮೂಲ ಟಿಫ್ ಚಿತ್ರಗಳು, ಅಂದ್ರೆ ಗುಣಮಟ್ಟ ಕಡಿಮೆ ಮಾಡದ ಪೂರ್ತಿ ಚಿತ್ರಗಳು, ನಮ್ಮ ಸ್ವತ್ತು ಅಂತ ಬರೆಸಿ. ನಾನಿದ್ದ ಒಂದು ಕಡೆ ಹಾಗೆ ಬರೆಸದೆ, ಚಿತ್ರ ಎಲ್ಲ ಅವರದ್ದೇ ಸಾಫ್ಟ್‌ವೇರಿನ ಒಳಗೆ ಉಳಿದು, ಲೈಸೆನ್ಸ್ ಮುಗಿದ ದಿನ ಬಾಗಿಲು ಹಾಕಿದ ಹಾಗೆ ಆಯ್ತು. ಮೂರು ಪ್ರತಿ ಬೇಕು, ಅದರಲ್ಲಿ ಒಂದು ಬೇರೆ ಊರಲ್ಲಿ. 2023ರ ಅಕ್ಟೋಬರಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ ಅವರ ಆನ್‌ಲೈನ್ ಸೇವೆ ತಿಂಗಳುಗಟ್ಟಲೆ ನಿಂತಿತ್ತು, ಅಷ್ಟು ದೊಡ್ಡವರಿಗೇ ಹಾಗಾದ್ರೆ ನಮ್ಮ ಕಾಲೇಜಿನ ಒಂದು ಹಾರ್ಡ್‌ಡಿಸ್ಕ್ ಯಾವ ಲೆಕ್ಕ. ಮ್ಯಾನೇಜ್‌ಮೆಂಟಿನವರಿಗೆ ಇದನ್ನು ಹೇಳಿ, ಕ್ಲಾಸಿಗೆ ಬೇರೆ ರೂಮು ಹುಡುಕ್ಬಹುದು.

ಪ್ರಶ್ನೆ: ಹಳೇ ಪತ್ರಿಕೆ ಆನ್‌ಲೈನಿಗೆ ಹಾಕಿದ್ರೆ ಕಾಪಿರೈಟ್ ಕೇಸ್ ಬರ್ತದಾ? (ಕಾರ್ಕಳ)

ಉತ್ತರ: ನಮ್ಮ 1957ರ ಕಾಯ್ದೆಯ ಪ್ರಕಾರ ಹೆಸರು ಹಾಕದೆ ಅಚ್ಚಾದ ಬರಹಕ್ಕೆ ಅಚ್ಚಾದ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು. 1960ರ ಸುದ್ದಿಯದ್ದು 2020ರ ಕೊನೆಗೆ ಮುಗಿದಿದೆ. ಹೆಸರು ಹಾಕಿ ಬರೆದ ಕಥೆ, ಕವನ, ಲೇಖನ ಆದ್ರೆ ಬರೆದವರು ತೀರಿದ ಮೇಲೆ 60 ವರ್ಷ, ಹಾಗಾಗಿ ಒಂದೇ ಪುಟದಲ್ಲಿ ಎರಡು ಲೆಕ್ಕ ಬರ್ಬಹುದು. ವ್ಯಾಪಾರ ಮಾಡದ ಸಾರ್ವಜನಿಕ ಲೈಬ್ರರಿ ತನ್ನ ಹತ್ರ ಇರುವ ಪ್ರತಿಯನ್ನು ಕಾಪಾಡ್ಲಿಕ್ಕೆ ಡಿಜಿಟಲ್ ಮಾಡಿ ಇಟ್ಟುಕೊಳ್ಳಲು 2012ರ ತಿದ್ದುಪಡಿಯಲ್ಲಿ ಅವಕಾಶ ಕೊಟ್ಟಿದ್ದಾರೆ, ಊರಿಗೆಲ್ಲ ಹಂಚುವುದು ಬೇರೆ ವಿಷಯ. ಹಾಗಾಗಿ ಮೊದಲು ಸ್ಕ್ಯಾನ್ ಮಾಡಿ ಇಡಿ, ಹಂಚುವುದನ್ನು ಆಮೇಲೆ ವಕೀಲರ ಹತ್ರ ಕೇಳಿ ನಿರ್ಧಾರ ಮಾಡಿ. ಕಾಪಿರೈಟ್ ಹೆದರಿಕೆಯಲ್ಲಿ ಕೂತ್ರೆ ಒರಲೆಗೆ ಕಾಯ್ದೆ ಇಲ್ಲ.

ಪ್ರಶ್ನೆ: ನಾನು ಐದು ವರ್ಷದಿಂದ ಸ್ಥಳೀಯ ವರದಿಗಾರ. ನಾನು ಬರೆದ ಎಷ್ಟೋ ವೆಬ್ ಸುದ್ದಿಯ ಲಿಂಕ್ ಈಗ ತೆರೆಯುವುದೇ ಇಲ್ಲ. ಇದಕ್ಕೆ ಎಂತ ದಾರಿ? (ಸುರತ್ಕಲ್)

ಉತ್ತರ: ಇಂಟರ್ನೆಟ್ ಆರ್ಕೈವಿನವರ ವೇಬ್ಯಾಕ್ ಮೆಷಿನಲ್ಲಿ ನಿಮ್ಮ ಲಿಂಕ್ ಹಾಕಿ ನೋಡಿ, 1996ರಿಂದ ಅವರು ವೆಬ್ ಪುಟಗಳ ನಕಲು ಇಡ್ತಾ ಇದ್ದಾರೆ, ಸಿಕ್ಕಿದ್ರೆ ಪುಣ್ಯ. ಇನ್ನು ಮುಂದೆ ಸುದ್ದಿ ಪ್ರಕಟ ಆದ ದಿನವೇ ಅಲ್ಲಿ ಸೇವ್ ಪೇಜ್ ಎಂಬಲ್ಲಿ ಲಿಂಕ್ ಹಾಕಿ ಬಿಡಿ, ಅರ್ಧ ನಿಮಿಷದ ಕೆಲಸ. ಇ-ಪೇಪರ್ ನಂಬಿ ಕೂರ್ಬೇಡಿ, ಒಂದು ಪತ್ರಿಕೆಗೆ ಮಂಗಳೂರು, ಉಡುಪಿ, ಬೆಂಗಳೂರು ಅಂತ ಬೇರೆ ಬೇರೆ ಆವೃತ್ತಿ ಇರ್ತದೆ, ಆರ್ಕೈವಿಗೆ ಹೋಗುವಾಗ ಮುಖ್ಯ ಆವೃತ್ತಿ ಮಾತ್ರ ಹೋದ್ರೆ ಊರಿನ ಸುದ್ದಿಯ ಒಳಪುಟ ಎಲ್ಲಿಯೂ ಉಳಿಯುದಿಲ್ಲ. ನಿಮ್ಮ ವರದಿ ಬರುವುದು ಆ ಒಳಪುಟದಲ್ಲೇ ಅಲ್ವಾ. ಆ ಪುಟದ ಪಿಡಿಎಫ್ ನಿಮ್ಮ ಹತ್ರ ಇಟ್ಕೊಳ್ಳಿ.

ಪ್ರಶ್ನೆ: ಅಜ್ಜಿ, ನಾನು ಒಂಬತ್ತನೇ ಕ್ಲಾಸು. ಜುಲೈ 1ಕ್ಕೆ ಪತ್ರಿಕಾ ದಿನಾಚರಣೆಗೆ ಮಂಗಳೂರ ಸಮಾಚಾರದ ಬಗ್ಗೆ ಭಾಷಣ ಮಾಡ್ಬೇಕು. ಅದನ್ನು ಕಂಪ್ಯೂಟರಿಗೆ ಕೊಟ್ರೆ ಓದ್ತದಾ? (ಮಂಗಳೂರು)

ಉತ್ತರ: ಎಷ್ಟು ಒಳ್ಳೇ ಪ್ರಶ್ನೆ ಮಗಾ. 1843ರ ಜುಲೈ 1ಕ್ಕೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹರ್ಮನ್ ಮೊಗ್ಲಿಂಗ್ ಮಂಗಳೂರಲ್ಲಿ ಅದನ್ನು ಶುರುಮಾಡಿದ್ದು, ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ ಬರ್ತಾ ಇತ್ತು. ಊರಿನ ವರ್ತಮಾನ, ಸರ್ಕಾರದ ನಿರೂಪ, ಕಥೆ ಎಲ್ಲ ಅದರಲ್ಲಿ ಇತ್ತು. ಮಾರನೇ ವರ್ಷ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಅಂತ ಹೆಸರು ಬದಲಾಯ್ತು.

ಕಂಪ್ಯೂಟರಿಗೆ ಅದು ಕಷ್ಟ, ಯಾಕಂದ್ರೆ ಅದು ಮೊಳೆ ಜೋಡಿಸಿ ಅಚ್ಚು ಮಾಡಿದ್ದಲ್ಲ, ಕಲ್ಲಚ್ಚು. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದದ್ದನ್ನು ನುಣುಪು ಕಲ್ಲಿನ ಮೇಲೆ ಇಳಿಸಿ, ಕಲ್ಲಿಗೆ ನೀರು ಹಚ್ಚಿದ್ರೆ ಬರೆದಲ್ಲಿ ಮಾತ್ರ ಇಂಕು ಕೂರ್ತದೆ, ಅದರ ಮೇಲೆ ಕಾಗದ ಒತ್ತಿ ತೆಗೆಯುವುದು. ಅಂದ್ರೆ ಪೂರ್ತಿ ಪತ್ರಿಕೆ ಒಬ್ಬರ ಕೈಬರಹ. ಅಚ್ಚಿನ ಅಕ್ಷರ ಕಲಿತ ಓಸಿಆರ್ ಕೈಬರಹದ ಎದುರು ತಡವರಿಸ್ತದೆ. ಜರ್ಮನಿಯ ಟ್ಯೂಬಿಂಗನ್ ಯೂನಿವರ್ಸಿಟಿಯವರು ಗುಂಡರ್ಟ್ ಪೋರ್ಟಲ್ ಅಂತ ಮಾಡಿ ಬಾಸೆಲ್ ಮಿಷನ್ ಕಾಲದ ಪುಸ್ತಕಗಳನ್ನು ಉಚಿತವಾಗಿ ಇಟ್ಟಿದ್ದಾರೆ, ಅದರಲ್ಲಿ ಕನ್ನಡದ ಕಲ್ಲಚ್ಚಿನ ಪುಸ್ತಕಗಳೂ ಉಂಟು. ಅಪ್ಪ ಅಮ್ಮನ ಹತ್ರ ಹೇಳಿ ಅದರ ಒಂದು ಪುಟ ತೆರೆದು ಗಟ್ಟಿಯಾಗಿ ಓದ್ಲಿಕ್ಕೆ ನೋಡು. ಮೊದಲ ಸಾಲಿಗೆ ಐದು ನಿಮಿಷ ಬೇಕಾದೀತು, ಹತ್ತನೇ ಸಾಲಿಗೆ ಆ ಬರೆದವರ ಕೈ ನಿನಗೆ ಗುರ್ತ ಸಿಗ್ತದೆ.